ನಮ್ಮೂರಿನ ಬಗ್ಗೆ ನಗೆಬರಹ ಬರೆಯುವುದು ಹೇಗೆ?

ಜುಲೈ ತಿಂಗಳಲ್ಲಿ ತುಂಗೆ ತುಂಬಿ ಬಂದರೆ ಶಿವಮೊಗ್ಗದವರು ಮನೆಯಲ್ಲಿ ಕೂರುವುದಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರ ಹೋಗಿ, ಹೊಳೆಯೊಳಗಿನ ಕಲ್ಲುಮಂಟಪ ಮುಳುಗಿದೆಯಾ ಅಂತ ನೋಡುತ್ತಾರೆ. ಮಂಟಪ ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ. ಒಂದು ವರ್ಷ ನಾನೂ ಕೊಡೆ ಹಿಡಿದು ಅಲ್ಲಿ ನಿಂತಿದ್ದೆ. ಬಾಗಿನ ಕೊಡಲು ದೊಡ್ಡವರು ಬರುತ್ತಾರೆ ಅಂತ ಸುದ್ದಿ ಇತ್ತು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಹೊಳೆ ತುಂಬಿದ್ರೆ ಬಾಗಿನ ಕೊಡ್ತಾರೆ. ನಮ್ಮ ಓಣಿನೂ ತುಂಬಿದೆ. ಅಲ್ಲಿಗೂ ಒಂದು ಮೊರ ತರಕ್ಕೆ ಹೇಳಿ ಮಾರಾಯ್ರೇ."

ಸುತ್ತ ಇದ್ದವರೆಲ್ಲ ನಕ್ಕರು. ವ್ಯವಸ್ಥೆ ನೋಡಿಕೊಳ್ಳಲು ಬಂದಿದ್ದ ನೌಕರರೊಬ್ಬರೂ ನಕ್ಕರು. ಆಮೇಲೆ ಅವರೇ "ಯಾವ ಓಣಿ ಅಮ್ಮಾ?" ಅಂತ ಕೇಳಿದರು.

ಇದಕ್ಕಿಂತ ಒಳ್ಳೆಯ ನಗೆಬರಹ ನನಗೆ ಇನ್ನೂ ಸಿಕ್ಕಿಲ್ಲ. ಮೂರೇ ಮಾತು. ಯಾರನ್ನೂ ಬೈದಿಲ್ಲ, ಒಂದು ಸುಳ್ಳೂ ಸೇರಿಲ್ಲ. ಊರಿಗೆಲ್ಲ ಗೊತ್ತಿರುವ ಬಾಗಿನವನ್ನು ತಂದು ಊರಿಗೆಲ್ಲ ಗೊತ್ತಿರುವ ಓಣಿಯ ಪಕ್ಕ ಇಟ್ಟರು, ಅಷ್ಟೇ. ಕೇಳಿಸಿಕೊಂಡವರು ನಕ್ಕು ಸುಮ್ಮನಾಗದೆ ಓಣಿಯ ಹೆಸರು ಕೇಳಿದರು.

ಕೆಲವು ವರ್ಷಗಳಿಂದ ನಾನು ಊರಿನ ಒಂದು ಪತ್ರಿಕೆಗೆ ವಾರಕ್ಕೊಂದು ಲಘುಬರಹ ಬರೆಯುತ್ತಿದ್ದೇನೆ. ಕಾಲೇಜಿನ ಹುಡುಗ ಹುಡುಗಿಯರು "ನಾವೂ ಬರೀಬೇಕು, ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಗೆಯನ್ನು ನಾವು ತಯಾರಿಸಬೇಕಾಗಿಲ್ಲ. ಅದು ಊರಲ್ಲಿ ಆಗಲೇ ಇದೆ. ಅಳತೆ ತಪ್ಪದ ಹಾಗೆ ಅದನ್ನು ಕಾಗದಕ್ಕೆ ಇಳಿಸಬೇಕು. ಇಳಿಸುವಾಗ ಅದು ಯಾರ ಮೇಲೆ ಬೀಳುತ್ತದೆ ಅಂತ ನೋಡಿಕೊಳ್ಳಬೇಕು. ಇವೆರಡು ಬಂದರೆ ಉಳಿದದ್ದು ಅಭ್ಯಾಸ.

ಮೊದಲು ಕಾಯುವ ಜಾಗಕ್ಕೆ ಹೋಗಿ

ಅವಸರದಲ್ಲಿರುವವರು ಮಾತಾಡುವುದಿಲ್ಲ. ಕಾಯುವವರು ಮಾತಾಡುತ್ತಾರೆ. ಖಾಸಗಿ ಬಸ್ ನಿಲ್ದಾಣ, ಕರೆಂಟ್ ಬಿಲ್ ಕಟ್ಟುವ ಸಾಲು, ರೇಷನ್ ಅಂಗಡಿ, ಕ್ಷೌರದಂಗಡಿ, ಆಧಾರ್ ತಿದ್ದುಪಡಿ ಕೌಂಟರ್, ಅಡಿಕೆ ಮಂಡಿಯ ಜಗಲಿ. ಸಂಜೆಯಾದರೆ ಗಾಂಧಿ ಬಜಾರಿನ ಕಡೆಯ ಮಂಡಕ್ಕಿ ಗಾಡಿ. ಇಲ್ಲಿ ಹೋಗಿ ಅರ್ಧ ಗಂಟೆ ನಿಲ್ಲಿ. ಮೊಬೈಲ್ ಜೇಬಿನಲ್ಲಿರಲಿ.

ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಸಲ ಮೂರು ಸಂಗತಿ ಬರೆದುಕೊಂಡರೆ ಸಾಕು. ಕೇಳಿದ ಒಂದು ಮಾತು, ಕಂಡ ಒಂದು ವಸ್ತು, ಒಂದು ಸಂಖ್ಯೆ. ಒಂದು ಕಚೇರಿಯ ಸಾಲಿನಲ್ಲಿ ನನಗೆ ಸಿಕ್ಕಿದ್ದು ಹೀಗಿತ್ತು. ಮಾತು: "ಬೆಳಿಗ್ಗೆ ಬಂದ್ರೆ ಸರ್ವರ್ ಬಂದಿಲ್ಲ ಅಂತಾರೆ. ಮಧ್ಯಾಹ್ನ ಬಂದ್ರೆ ಸಾಹೇಬ್ರು ಬಂದಿಲ್ಲ ಅಂತಾರೆ. ಇಬ್ರೂ ಒಂದೇ ಬಸ್ಸಿಗೆ ಬರೋರಾ?" ವಸ್ತು: ಟೋಕನ್ ಅಂತ ಕೊಟ್ಟ ಹಳೆಯ ಕ್ಯಾಲೆಂಡರಿನ ಚೂರು. ಸಂಖ್ಯೆ: 47, ಅದು ನನ್ನ ಟೋಕನ್. ಈ ಮೂರನ್ನು ಇಟ್ಟುಕೊಂಡು ಒಂದು ಪುಟ ಬರೆಯಬಹುದು. ಬರೆದೆ ಕೂಡ.

ಕೇಳಿದ ಮಾತನ್ನು ಗಂಟೆಯೊಳಗೆ ಬರೆದಿಡಿ. ರಾತ್ರಿ ಬರೆಯೋಣ ಅಂದುಕೊಂಡರೆ ಅದು ಅವರ ಮಾತಾಗಿ ಉಳಿಯುವುದಿಲ್ಲ, ನಮ್ಮ ಬರವಣಿಗೆಯ ಕನ್ನಡ ಆಗಿಬಿಡುತ್ತದೆ. ತೀರ್ಥಹಳ್ಳಿಯವರ "ಎಂತ ಮಾರಾಯ್ರೇ" ಹೋಗಿ "ಏನು ಸ್ವಾಮಿ" ಬಂದು ಕೂರುತ್ತದೆ. ಅದರ ಜೊತೆ ನಗುವೂ ಹೋಗುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಬಂದ ಜೋಕು ಎಷ್ಟೇ ಚೆನ್ನಾಗಿದ್ದರೂ ತೆಗೆದುಕೊಳ್ಳಬೇಡಿ. ನಿಮಗೆ ಬಂದದ್ದು ಊರಿಗೆಲ್ಲ ಬಂದಿರುತ್ತದೆ.

ಒಂದೇ ಗುಂಡಿ ಸಾಕು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಮೊದಲ ಬರಹದಲ್ಲೇ ಭ್ರಷ್ಟಾಚಾರ, ರಾಜಕೀಯ, ಬೆಲೆ ಏರಿಕೆ, ಯುವಜನರ ಮೊಬೈಲ್ ಚಟ ಎಲ್ಲ ತುಂಬುತ್ತಾರೆ. ಓದುವವನಿಗೆ ಯಾವುದೂ ಕಣ್ಣಿಗೆ ಕಟ್ಟುವುದಿಲ್ಲ. "ನಮ್ಮ ರಸ್ತೆಗಳು ಹಾಳಾಗಿವೆ" ಅಂದರೆ ಯಾರೂ ತಲೆ ಎತ್ತುವುದಿಲ್ಲ. "ನಮ್ಮ ಕ್ರಾಸಿನ ಹಾಲಿನ ಬೂತಿನ ಎದುರಿನ ಗುಂಡಿ" ಅನ್ನಿ, ಪ್ರತಿಯೊಬ್ಬರಿಗೂ ತಮ್ಮ ಕ್ರಾಸಿನ ಗುಂಡಿ ನೆನಪಾಗುತ್ತದೆ.

ಆ ಗುಂಡಿಯ ಚರಿತ್ರೆ ಬರೆಯಿರಿ. ಮೊದಲು ಕುಡಿಯುವ ನೀರಿನ ಪೈಪಿಗೆ ಅಗೆದರು. ಮುಚ್ಚಿದರು. ಆಮೇಲೆ ಯುಜಿಡಿಗೆ, ಅಂದರೆ ಒಳಚರಂಡಿಗೆ ಅಗೆದರು. ಮುಚ್ಚಿದರು. ಮೂರನೇ ಸಲ ಕೇಬಲ್‌ಗೆ ಅಗೆದಾಗ ಪಕ್ಕದ ಮನೆಯ ಅಜ್ಜಿ ಬಂದು "ಒಂದು ಜಿಪ್ ಹಾಕಿಬಿಡ್ರಪ್ಪ" ಅಂದರು ಅಂತ ಬರೆದರೆ ಮುಗಿಯಿತು. ಮುಂದೆ ವಿವರಣೆ ಬೇಡ. ಇಲಾಖೆಗಳ ನಡುವೆ ಹೊಂದಾಣಿಕೆ ಇಲ್ಲ ಅಂತ ಸಂಪಾದಕೀಯದ ಮಾತು ಸೇರಿಸಿದರೆ ಅಜ್ಜಿಯ ಮಾತು ಸತ್ತುಹೋಗುತ್ತದೆ.

ಲೆಕ್ಕ ಪಕ್ಕಾ ಇರಲಿ

ನಗೆಬರಹಕ್ಕೆ ಸತ್ಯ ಜಾಸ್ತಿ ಬೇಕು. ಗಂಭೀರ ಲೇಖನದಲ್ಲಿ ಒಂದು ತಪ್ಪಾದರೆ ತಿದ್ದುಪಡಿ ಹಾಕಬಹುದು. ವಿಡಂಬನೆಯಲ್ಲಿ ಒಂದು ಅಂಕಿ ತಪ್ಪಿದರೆ, "ಇವನು ಸುಮ್ನೆ ಬರೀತಾನೆ" ಅಂತ ಇಡೀ ಬರಹವನ್ನು ಪಕ್ಕಕ್ಕಿಡುತ್ತಾರೆ. ಯಾರಿಗೆ ತಾಗಬೇಕಿತ್ತೋ ಅವರಿಗೆ ಅದೇ ಬೇಕಾಗಿರುತ್ತದೆ.

ಎಷ್ಟೋ ಸಲ ಎರಡು ದಿನಾಂಕಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಿನ್ನೀರು ಬಂದು ತುಮರಿ ಕಡೆಯ ಊರುಗಳು ದ್ವೀಪದ ಹಾಗಾದವು. ಅಲ್ಲಿಂದ ಸಾಗರಕ್ಕೆ ಬರಲು ಲಾಂಚ್ ಹತ್ತಬೇಕಿತ್ತು. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ರಂದು. ನಡುವೆ 61 ವರ್ಷ. ಇದನ್ನು ಹೀಗೆ ಬರೆಯಬಹುದು: "ಅಜ್ಜ ಲಾಂಚಿಗೆ ಕಾದರು. ಅಪ್ಪ ಲಾಂಚಿಗೆ ಕಾದರು. ಮಗ ಸೇತುವೆ ಮೇಲೆ ನಿಂತು, ಲಾಂಚ್ ಅಂದ್ರೆ ಹೇಗಿತ್ತು ಅಂತ ಕೇಳ್ತಾನೆ." ಓದಿದವರ ನಗು ಅರ್ಧಕ್ಕೆ ನಿಲ್ಲುತ್ತದೆ. ನಿಲ್ಲಲಿ. ನಗೆಬರಹ ಪೂರ್ತಿ ನಗಿಸಲೇಬೇಕು ಅಂತ ಇಲ್ಲ.

ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದ ವಿಷಯವೂ ಹಾಗೆಯೇ. ಉದ್ಘಾಟನೆ 2023ರ ಫೆಬ್ರವರಿ 27. ಬೆಂಗಳೂರಿನಿಂದ ಪ್ರಯಾಣಿಕರ ಮೊದಲ ವಿಮಾನ ಇಳಿದದ್ದು ಅದೇ ವರ್ಷದ ಆಗಸ್ಟ್ 31. ಆ ಆರು ತಿಂಗಳಲ್ಲಿ ರನ್‌ವೇ ಮೇಲೆ ಏನೇನು ನಡೆದಿರಬಹುದು ಅಂತ ಊಹಿಸಲು ಓದುಗರಿಗೆ ಬಿಟ್ಟುಬಿಡಿ.

ಅಂಕಿ ಎಲ್ಲಿ ಸಿಗುತ್ತದೆ? ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ, 2005ರದ್ದು. ನಿಮ್ಮ ರಸ್ತೆಯನ್ನು ಯಾವಾಗ, ಎಷ್ಟು ಸಲ, ಯಾವ ಕಾಮಗಾರಿಗೆ ಅಗೆದರು ಅಂತ ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಬರೆಯಲು ಕಲಿಯುವವರಿಗೆ ಇದು ಒಳ್ಳೆಯ ತಾಲೀಮು. ಒಂದೇ ವಿಷಯ, 150 ಪದ, ಎದುರಿನವರಿಗೆ ತಪ್ಪಿಸಿಕೊಳ್ಳಲು ಜಾಗ ಇಲ್ಲದ ಪ್ರಶ್ನೆ. ನನ್ನ ಬರಹದ ಉದ್ದ ಕಡಿಮೆಯಾದದ್ದು ಇಂಥ ಅರ್ಜಿಗಳನ್ನು ಬರೆಯಲು ಶುರು ಮಾಡಿದ ಮೇಲೆ.

ಬರಹಕ್ಕೊಂದು ವೇಷ ಹುಡುಕಿ

ವಿಷಯ ಸಿಕ್ಕಿತು, ಲೆಕ್ಕವೂ ಸಿಕ್ಕಿತು. ಅದನ್ನು ನೇರವಾಗಿ ಹೇಳಿದರೆ ದೂರು ಆಗುತ್ತದೆ. ವೇಷ ಹಾಕಿಸಿದರೆ ನಗೆ ಆಗುತ್ತದೆ. ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟದ ಹಂತ ಇದು.

ವೇಷ ಅಂದರೆ ಊರಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ಬರಹದ ಮಾದರಿ. ಮದುವೆ ಕಾಗದ, ಪಂಚಾಂಗದ ಮಳೆ ಫಲ, ದಿನಭವಿಷ್ಯ, ಜಾತ್ರೆಯ ಕರಪತ್ರ, ಕೃಷಿ ಸಲಹೆ, ರಜೆ ಅರ್ಜಿ. ಮಾದರಿಯ ಗಾಂಭೀರ್ಯ ಹಾಗೇ ಇರಬೇಕು. ಒಳಗಿನ ವಸ್ತು ಮಾತ್ರ ಬದಲಾಗಬೇಕು.

ನಮ್ಮ ಕಡೆ ಪತ್ರಿಕೆ ಬಂದ ಕೂಡಲೇ ಎಷ್ಟೋ ಮನೆಗಳಲ್ಲಿ ಮೊದಲು ನೋಡುವುದು ಅಡಿಕೆ ಧಾರಣೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಸಾಲು. ಹಾಗಾದರೆ ಗುಂಡಿಗಳಿಗೂ ಒಂದು ಧಾರಣೆ ಪಟ್ಟಿ ಮಾಡೋಣ:

"ಇಂದಿನ ಗುಂಡಿ ಧಾರಣೆ. ಸರಕು: ಬೈಕಿನ ಮುಂದಿನ ಚಕ್ರ ಪೂರ್ತಿ ಇಳಿಯುವಂಥದ್ದು, ಆವಕ ಚೆನ್ನಾಗಿದೆ. ಬೆಟ್ಟೆ: ನೀರು ತುಂಬಿ ಆಳ ಕಾಣದ್ದು, ಮಳೆ ಮುಗಿಯುವವರೆಗೆ ಬೇಡಿಕೆ ಇಳಿಯುವ ಲಕ್ಷಣ ಇಲ್ಲ. ರಾಶಿ: ಎಲ್ಲ ವಾರ್ಡಿನಲ್ಲೂ ಲಭ್ಯ. ಗೊರಬಲು: ಹೋದ ತಿಂಗಳು ತೇಪೆ ಹಾಕಿ ಈ ತಿಂಗಳು ಎದ್ದದ್ದು, ಕೇಳುವವರಿಲ್ಲ."

ಇದು ಯಾಕೆ ಕೆಲಸ ಮಾಡುತ್ತದೆ ನೋಡಿ. ಅಡಿಕೆ ಬೆಳೆಯುವವರಿಗೆ ಸರಕು ಅಂದರೆ ಅತಿ ಹೆಚ್ಚಿನ ದರದ್ದು, ಗೊರಬಲು ಅಂದರೆ ಕೆಳಗಿನದು ಅಂತ ಹೇಳಿಕೊಡಬೇಕಾಗಿಲ್ಲ. ಗುಂಡಿಯ ಆಳ ಅವರಿಗೆ ದರದ ಭಾಷೆಯಲ್ಲಿ ತಕ್ಷಣ ತಿಳಿಯುತ್ತದೆ. ಇದೇ ಪಟ್ಟಿಯನ್ನು ಅಡಿಕೆ ಗೊತ್ತಿಲ್ಲದ ಊರಿನಲ್ಲಿ ಹಾಕಿದರೆ ಯಾರೂ ನಗುವುದಿಲ್ಲ. ವೇಷ ಊರಿನದೇ ಆಗಿರಬೇಕು ಅನ್ನುವುದು ಅದಕ್ಕೇ.

ಮಾದರಿಯೊಳಗೆ ನಾಲ್ಕೇ ಸಾಲು ಇತ್ತು, ನಾಲ್ಕೇ ಬರೆದೆ ಅನ್ನುವುದನ್ನೂ ಗಮನಿಸಿ. ಐದನೆಯದು ಹೊಳೆದಿತ್ತು. ಸೇರಿಸಿದ್ದರೆ ಅದು ಧಾರಣೆ ಪಟ್ಟಿ ಆಗಿ ಉಳಿಯುತ್ತಿರಲಿಲ್ಲ.

ವೇಷದ ವಿದ್ಯೆಯನ್ನು ನಾನು ಕಲಿತದ್ದು ಯಕ್ಷಗಾನದ ಹಾಸ್ಯಗಾರರನ್ನು ನೋಡಿ. ಮೇಳದ ಆಟದಲ್ಲಿ ರಾಜ ದೊಡ್ಡ ಕನ್ನಡದಲ್ಲಿ ಮಾತಾಡುತ್ತಾನೆ. ದೂತನಾಗಿಯೋ ಬಾಗಿಲು ಕಾಯುವವನಾಗಿಯೋ ಬಂದ ಹಾಸ್ಯಗಾರ ಮನೆಮಾತಿನಲ್ಲಿ ಉತ್ತರ ಕೊಡುತ್ತಾನೆ. "ನಮ್ಮ ರಾಜ್ಯದಲ್ಲಿ ಪ್ರಜೆಗಳು ಹೇಗಿದ್ದಾರೆ?" ಅಂತ ರಾಜ ಗಂಭೀರವಾಗಿ ಕೇಳಿದರೆ, "ಬರ್ತಾ ಇದ್ದಾರೆ ಪ್ರಭು, ದಾರೀಲಿ ಬಸ್ಸು ಕೆಟ್ಟಿದೆ" ಅನ್ನುವ ರೀತಿ. ರಾಜನ ಮಾತನ್ನು ಹಾಸ್ಯಗಾರ ಎಂದೂ ಕೆಡಿಸುವುದಿಲ್ಲ. ರಾಜ ಪೂರ್ತಿ ಹೇಳಿ ಮುಗಿಸುವವರೆಗೆ ಕೈಕಟ್ಟಿ ನಿಂತಿರುತ್ತಾನೆ. ನೀವೂ ಹಾಗೇ ಮಾಡಿ. ಭಾಷಣದ ಮಾತನ್ನು, ಬ್ಯಾನರಿನ ಸಾಲನ್ನು ಅಣಕಿಸದೆ ಇದ್ದ ಹಾಗೇ ಬರೆಯಿರಿ. ಅದರ ಕೆಳಗೆ ಸಾಲಿನಲ್ಲಿ ನಿಂತವರ ಮಾತನ್ನು ಇಡಿ.

ಇದರ ಹಿಂದೆ ಹಳೆಯ ದಾರಿಯೇ ಇದೆ. ವೃತ್ತಿಯಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ 1942ರಲ್ಲಿ ಕನ್ನಡದ ನಗೆಪತ್ರಿಕೆ ಶುರು ಮಾಡಿದಾಗ ಅದಕ್ಕೆ ಇಟ್ಟ ಹೆಸರು 'ಕೊರವಂಜಿ'. ಮನೆ ಬಾಗಿಲಿಗೆ ಬಂದು ಕೈ ನೋಡಿ ಕಣಿ ಹೇಳುವವಳು. ಯಜಮಾನನ ಮುಖಕ್ಕೇ ನಿಜ ಹೇಳುತ್ತಾಳೆ, ಹೇಳಿಸಿಕೊಂಡವನೇ ಅವಳಿಗೆ ಮೊರದಲ್ಲಿ ಅಕ್ಕಿ ಕೊಡುತ್ತಾನೆ. ಹೆಸರಲ್ಲೇ ವೇಷ ಇದೆ.

ಯಾರನ್ನು ನೋಡಿ ನಗಬೇಕು

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು.

ನಮ್ಮ ಊರಿನ ಒಂದು ದೊಡ್ಡ ರಸ್ತೆಯಲ್ಲಿ ಹೊಸ ಫುಟ್‌ಪಾತ್ ಆಗಿತ್ತು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಇಂಥ ಕೆಲಸ ಬಹಳ ಆದವು. ಕೆಲವೇ ದಿನಕ್ಕೆ ಫುಟ್‌ಪಾತಿನ ಮೇಲೆ ಹೂವು, ಹಣ್ಣು, ಸೊಪ್ಪಿನವರು ಕೂತರು. ನಾನೊಂದು ಬರಹ ಬರೆದೆ. ಫುಟ್‌ಪಾತಿನ ಮೇಲೆ ನಡೆಯಲು ಹೋದ ಮನುಷ್ಯ ಕೊನೆಗೆ ಎರಡು ಮೊಳ ಮಲ್ಲಿಗೆ, ಒಂದು ಕಟ್ಟು ಹರಿವೆ, ಅರ್ಧ ಡಜನ್ ಬಾಳೆಹಣ್ಣಿನ ಜೊತೆ ಮನೆಗೆ ಬಂದ ಅಂತ. ಜನ ಮೆಚ್ಚಿದರು. ಫೋನ್ ಮಾಡಿ ಹೇಳಿದರು.

ಮುಂದಿನ ವಾರ ಅಲ್ಲಿ ಕೂತವರನ್ನೆಲ್ಲ ಎಬ್ಬಿಸಿದರು. ನನ್ನ ಬರಹದಿಂದಲೇ ಹಾಗಾಯಿತಾ ಅಂತ ಹೇಳಲಾರೆ. ಆದರೆ ನಾನು ದಿನಾ ಹೂವು ಕೊಳ್ಳುತ್ತಿದ್ದ ಅಕ್ಕ ಒಂದು ಪಕ್ಕದ ಗಲ್ಲಿಯಲ್ಲಿ ಸಿಕ್ಕಿ ಹೇಳಿದರು: "ನಮ್ಮ ಮೇಲೆ ಬರ್ದಿದ್ದು ನನ್ನ ಮಗಳು ಓದಿ ಹೇಳಿದ್ಲು ಅಣ್ಣಾ. ಚೆನ್ನಾಗಿತ್ತು." ಕೋಪ ಇರಲಿಲ್ಲ ಅವರಿಗೆ. ಹೂವೂ ಕೊಟ್ಟರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಕೂತು ಓದಿದೆ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಅವರಿಗೆ ಜಾಗ ಗುರುತಿಸಬೇಕು ಅಂತ ಅದು ಹೇಳುತ್ತದೆ. ಮೊದಲೇ ಓದಿದ್ದರೆ ನನ್ನ ಬರಹ ಬೇರೆ ದಿಕ್ಕಿಗೆ ತಿರುಗುತ್ತಿತ್ತು. ಫುಟ್‌ಪಾತಿನ ನಕ್ಷೆಯಲ್ಲಿ ಗಿಡಕ್ಕೆ ಜಾಗ ಇದೆ, ಬೆಂಚಿಗೆ ಜಾಗ ಇದೆ, ದೀಪದ ಕಂಬಕ್ಕೆ ಜಾಗ ಇದೆ, ದಿನಾ ಅಲ್ಲಿ ಕೂರುವವರಿಗೆ ಮಾತ್ರ ಇಲ್ಲ ಅಂತ ಬರೆಯಬಹುದಿತ್ತು. ನಗು ಇದರಲ್ಲೂ ಇದೆ. ಅದು ನಕ್ಷೆ ಬರೆದವರನ್ನು ಮುಟ್ಟುತ್ತಿತ್ತು.

ಅಂದಿನಿಂದ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ತೀರ್ಮಾನ ಮಾಡಿದವರು ಯಾರು? ಬಸ್ಸಿನಲ್ಲಿ ಜನ ತುಂಬಿದ್ದರೆ "ಮುಂದೆ ಹೋಗಿ, ಮುಂದೆ ಖಾಲಿ ಇದೆ" ಅನ್ನುವ ಕಂಡಕ್ಟರ್ ಕಣ್ಣಿಗೆ ಬೀಳುತ್ತಾರೆ. ಆ ಮಾರ್ಗಕ್ಕೆ ಸಂಜೆ ಒಂದೇ ಬಸ್ಸು ಸಾಕು ಅಂದವರು ಅಲ್ಲಿರುವುದಿಲ್ಲ. ಅವರನ್ನು ಹುಡುಕಿ. ಕೌಂಟರಿನ ಹುಡುಗಿ ಕಾಣುತ್ತಾಳೆ, ಸರ್ವರ್ ಕಾಣುವುದಿಲ್ಲ. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮ್ಯಾನ್ ಕಾಣುತ್ತಾನೆ. ಆಗುಂಬೆ, ಹೊಸನಗರದ ಕಾಡಿನ ಮಳೆಯಲ್ಲಿ ಮರ ಬಿದ್ದ ತಂತಿಯನ್ನು ಹುಡುಕುತ್ತ ಮೈಲಿಗಟ್ಟಲೆ ನಡೆಯುವವನನ್ನು ಕರೆಂಟ್ ಹೋಯಿತು ಅಂತ ಗೇಲಿ ಮಾಡಬೇಡಿ.

ಕೆಲವನ್ನು ಪೂರ್ತಿ ಬಿಡಿ. ಜಾತಿ, ಮೈಬಣ್ಣ, ದೇಹ, ತೊದಲು, ಬೇರೆ ಮನೆಮಾತಿನವರು ಮಾತಾಡುವ ಕನ್ನಡ. ಕಾಯಿಲೆಯ ವಿಷಯದಲ್ಲೂ ಹುಷಾರು. ಮಂಗನ ಕಾಯಿಲೆ ಮೊದಲು ಕಂಡದ್ದು ನಮ್ಮ ಸೊರಬದ ಕ್ಯಾಸನೂರು ಕಾಡಿನ ಕಡೆ, 1957ರಲ್ಲಿ. ಇವತ್ತಿಗೂ ಕಾಡಿನಂಚಿನ ಮನೆಗಳಲ್ಲಿ ಬೇಸಿಗೆ ಬಂದರೆ ಭಯ. ಆ ಹೆಸರನ್ನು ತಮಾಷೆಗೆ ಎಳೆಯುವುದು ಸತ್ತ ಮನೆಯ ಅಂಗಳದಲ್ಲಿ ನಕ್ಕ ಹಾಗೆ.

ಕನ್ನಡವೇ ಕೊಡುವ ಉಪಾಯಗಳು

ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ. ಅದಕ್ಕೆ ನಗೆಯ ಪದ ನಡುವೆ ಸಿಕ್ಕಿಕೊಂಡು ಸಪ್ಪೆಯಾಗುತ್ತದೆ. "ಕಾಗದದಲ್ಲಿ ನಮ್ಮ ರಸ್ತೆಗೆ ಡಾಂಬರು ಬಂತು." ಇದು ಸುದ್ದಿ. "ನಮ್ಮ ರಸ್ತೆಗೆ ಡಾಂಬರು ಬಂತು, ಕಾಗದದಲ್ಲಿ." ಇದು ನಗೆ. ಪದ ಒಂದೂ ಬದಲಾಗಿಲ್ಲ. ಮಾತಾಡುವಾಗ ನಾವೆಲ್ಲ ಹೀಗೇ ಮಾತಾಡುತ್ತೇವೆ, ಬರೆಯುವಾಗ ಮರೆಯುತ್ತೇವೆ.

ಇನ್ನೊಂದು, "ಅಂತೆ". ಇದಕ್ಕಿಂತ ಹರಿತವಾದ ಆಯುಧ ನಮ್ಮ ಭಾಷೆಯಲ್ಲಿ ಇಲ್ಲ ಅಂತ ನನ್ನ ನಂಬಿಕೆ. "ಗುಂಡಿ ಮುಚ್ಚಿದ್ದಾರೆ" ಅಂದರೆ ಹೊಗಳಿಕೆ. "ಗುಂಡಿ ಮುಚ್ಚಿಲ್ಲ" ಅಂದರೆ ಆರೋಪ. "ಗುಂಡಿ ಮುಚ್ಚಿದ್ದಾರಂತೆ" ಅಂದರೆ ಸಾಕು, ಓದುಗ ತಾನೇ ಹೋಗಿ ನೋಡಿಕೊಂಡು ಬರುತ್ತಾನೆ. ಒಂದು ಬರಹದಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಸಲ ಬಳಸಿ. ಮೂರನೇ ಸಲಕ್ಕೆ ಮೊಂಡಾಗುತ್ತದೆ. ನೀವು ಕಣ್ಣಾರೆ ಕಂಡದ್ದಕ್ಕೆ "ಅಂತೆ" ಹಾಕಬೇಡಿ, ಅದು ಹೇಡಿತನ.

ಬಹುವಚನದ ಗೌರವ ಇದೆ. "ನಮ್ಮ ಕ್ರಾಸಿನ ಗುಂಡಿಯವರು ಈ ಸಲ ಆರಿದ್ರಾ ಮಳೆಗೇ ಎದ್ದಿದ್ದಾರೆ. ಹೋದ ವರ್ಷ ಪುನರ್ವಸುವರೆಗೆ ಮಲಗಿದ್ದರು." ಊರಿನ ಹಿರಿಯರಿಗೆ ಕೊಡುವ ಮರ್ಯಾದೆಯನ್ನೇ ಗುಂಡಿಗೆ ಕೊಟ್ಟಾಗ, ಅದು ಎಷ್ಟು ವರ್ಷದಿಂದ ಅಲ್ಲಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಮಳೆ ನಕ್ಷತ್ರದ ಹೆಸರು ಹಾಕಿದ್ದರಿಂದ ಕಾಲವೂ ಸಿಕ್ಕಿತು, ಮಲೆನಾಡೂ ಬಂತು.

ಆಶ್ಚರ್ಯ ಚಿಹ್ನೆಗಳನ್ನು ತೆಗೆಯಿರಿ. "ಹ್ಹಹ್ಹ" ಬೇಡವೇ ಬೇಡ.

ಸುಳ್ಳು ಸುತ್ತೋಲೆ ಆಗದಂತೆ ನೋಡಿಕೊಳ್ಳಿ

ಜೋರು ಮಳೆ ಹಿಡಿದ ದಿನ "ನಾಳೆ ಶಾಲೆಗಳಿಗೆ ರಜೆ" ಅಂತ ಜಿಲ್ಲಾಧಿಕಾರಿಗಳ ಹೆಸರಿನ ನಕಲಿ ಆದೇಶ ಮೊಬೈಲ್‌ಗಳಲ್ಲಿ ಓಡಾಡುವುದನ್ನು ನೋಡಿರುತ್ತೀರಿ. ನಿಮ್ಮ ಬರಹವೂ ಹಾಗಾಗಬಾರದು. ಸರ್ಕಾರಿ ಆದೇಶದ ವೇಷ ಹಾಕುವುದಾದರೆ ನಿಜವಾದ ಲಾಂಛನ, ಮೊಹರು, ಅಧಿಕಾರಿಯ ಹೆಸರು, ಕಡತದ ಸಂಖ್ಯೆ ಬಳಸಲೇಬೇಡಿ. ಯಾರೋ ಅರ್ಧ ಕತ್ತರಿಸಿ ಫಾರ್ವರ್ಡ್ ಮಾಡಿದರೂ ನಗೆ ಅಂತ ತಿಳಿಯುವ ಹಾಗೆ ಮೊದಲ ಸಾಲಿನಲ್ಲೇ ಅಸಾಧ್ಯವಾದದ್ದು ಒಂದು ಇರಲಿ. ಚಿತ್ರ ಮಾಡಿ ಹಾಕಿದರೆ "ನಗೆಬರಹ" ಅನ್ನುವ ಪದ ಚಿತ್ರದ ಒಳಗೇ ಇರಲಿ. ಊರಲ್ಲಿ ಗಲಾಟೆ, ಕರ್ಫ್ಯೂ ಸುದ್ದಿ ಇರುವ ದಿನಗಳಲ್ಲಿ ಇಂಥ ವೇಷ ಪೂರ್ತಿ ಬಿಡಿ.

ಕಾನೂನು ಸ್ವಲ್ಪ ಗೊತ್ತಿರಲಿ. ಮಾತಿನ ಸ್ವಾತಂತ್ರ್ಯ ಸಂವಿಧಾನದ 19ನೇ ವಿಧಿಯಲ್ಲಿ ಇದೆ, ಅದರ ಮಿತಿಗಳೂ ಅಲ್ಲೇ ಇವೆ. ಆನ್‌ಲೈನ್‌ನಲ್ಲಿ ಮನಸ್ಸು ನೋಯಿಸುವ ಸಂದೇಶ ಹಾಕುವುದನ್ನು ಅಪರಾಧ ಅನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದೆ. ಮಾನಹಾನಿ ಮಾತ್ರ ಈಗಲೂ ಅಪರಾಧ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅಡಿ ಬರುತ್ತದೆ. ಎರಡು ವರ್ಷದವರೆಗೆ ಶಿಕ್ಷೆಗೆ ಅವಕಾಶ ಇದೆ. ಆದ್ದರಿಂದ ಒಬ್ಬ ವ್ಯಕ್ತಿ ಲಂಚ ತಿಂದ ಅಂತ ತಮಾಷೆಗೂ ಬರೆಯಬೇಡಿ. ಕೆಲಸ ಹೇಗೆ ನಡೆಯಿತು ಅಂತ ಬರೆಯಿರಿ.

ಓದಿಸಿ, ಆಮೇಲೆ ಕಳಿಸಿ

ಬರೆದ ದಿನವೇ ಕಳಿಸಬೇಡಿ. ಒಂದು ರಾತ್ರಿ ಬಿಡಿ. ಬೆಳಿಗ್ಗೆ ಜೋರಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯ ಮುರಿಯಿರಿ. 400 ಪದದೊಳಗೆ ತನ್ನಿ. ಮೊದಲ ಪ್ಯಾರಾ ತೆಗೆದುಹಾಕಿ ನೋಡಿ. ಎಷ್ಟೋ ಸಲ ಬರಹ ಎರಡನೇ ಪ್ಯಾರಾದಿಂದಲೇ ಶುರುವಾಗಿರುತ್ತದೆ.

ಸ್ನೇಹಿತರಿಗೆ ಓದಿಸಿದರೆ ಸಾಲದು, ಅವರು ನಗುತ್ತಾರೆ. ಬರಹದಲ್ಲಿ ಯಾರ ಕೆಲಸದ ವಿಷಯ ಬಂದಿದೆಯೋ ಆ ಕೆಲಸ ಮಾಡುವ ಒಬ್ಬರಿಗೆ ಓದಿ ಹೇಳಿ. ಬಸ್ಸಿನ ಬಗ್ಗೆ ಬರೆದರೆ ಕಂಡಕ್ಟರಿಗೆ, ಮಂಡಿ ಬಗ್ಗೆ ಬರೆದರೆ ಹಮಾಲರಿಗೆ. ಅವರು "ಇಲ್ಲ ಸಾರ್, ಹಂಗಲ್ಲ ಅದು" ಅಂದರೆ ಕೂತು ಕೇಳಿ. ನನ್ನ ಒಳ್ಳೆಯ ಬರಹಗಳಲ್ಲಿ ಅರ್ಧದಷ್ಟು "ಹಂಗಲ್ಲ ಅದು" ಅಂದ ಮೇಲೆ ಸಿಕ್ಕಿದವು.

ಶಿವಮೊಗ್ಗದಲ್ಲಿ ಸಣ್ಣ ದಿನಪತ್ರಿಕೆಗಳು ಇನ್ನೂ ಹಲವು ನಡೆಯುತ್ತಿವೆ. ಕಚೇರಿಗೆ ನೇರ ಹೋಗಿ ಸಂಪಾದಕರನ್ನು ನೋಡಬಹುದು. ಭದ್ರಾವತಿ ಆಕಾಶವಾಣಿಗೂ ಬರಹ ಕಳಿಸಿ ನೋಡಿ. ರೇಡಿಯೋಗೆ ಬರೆದರೆ ವಾಕ್ಯ ತಾನಾಗಿ ಚಿಕ್ಕದಾಗುತ್ತದೆ.

ಪ್ರಕಟವಾದ ಮೇಲೂ ಒಂದು ಕೆಲಸ ಇದೆ. ಗುಂಡಿಯನ್ನು ನಿಜವಾಗಿ ಮುಚ್ಚಿದರೆ ಅದನ್ನೂ ಬರೆಯಿರಿ. ಯಾವ ದಿನ ಮುಚ್ಚಿದರು, ಎಷ್ಟು ಜನ ಬಂದಿದ್ದರು, ಊಟಕ್ಕೆ ಎಲ್ಲಿ ಕೂತರು, ಮೇಲೆ ಬಂದ ಮಳೆಗೆ ಜಲ್ಲಿ ನಿಂತಿತಾ. ಹಾಲಿನ ಬೂತಿನವರನ್ನು ಕೇಳಿ, ಅವರು ಬೆಳಿಗ್ಗೆ 5 ಗಂಟೆಯಿಂದ ಅಲ್ಲೇ ಇರುತ್ತಾರೆ.